ಕ್ಲಾರಿನೆಟ್‌ನಲ್ಲಿ ಟ್ರಿಲ್ ತೊಡರುತ್ತಿದೆಯಾ? ಮೊದಲು ದೋಷ ಹಿಡಿಯಿರಿ, ಆಮೇಲೆ ಬೆರಳು ಬದಲಿಸಿ

ಗಣೇಶ ಚೌತಿ ಹತ್ತಿರ ಬಂತೆಂದರೆ ಬೆಳಗಾವಿಯಲ್ಲಿ ಬ್ಯಾಂಡ್ ಹುಡುಗರ ತಾಲೀಮು ಜೋರಾಗುತ್ತದೆ. ಆಗ ಕ್ಲಾರಿನೆಟ್ ಹಿಡಿದವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸರ್, ಹಾಡು ಪೂರ್ತಿ ಬರ್ತದ, ಟ್ರಿಲ್ ಬಂದಲ್ಲಿ ಅಷ್ಟ ಬೆರಳು ತೊಡರ್ತಾವ. ಬ್ಯಾರೆ ಫಿಂಗರಿಂಗ್ ಇದ್ರ ಹೇಳ್ರಿ." ಟ್ರಿಲ್ ಅಂದರೆ ಪಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಅದಲುಬದಲಾಗಿ ನುಡಿಸುವುದು. ಫಿಂಗರಿಂಗ್ ಅಂದರೆ ಒಂದು ಸ್ವರಕ್ಕೆ ಬೆರಳಿಡುವ ರೀತಿ, ಮುಂದೆ ಅದನ್ನೇ "ಬೆರಳು" ಅಂತಲೂ ಹೇಳುತ್ತೇನೆ. ಬೇರೆ ಫಿಂಗರಿಂಗ್ ಖಂಡಿತ ಇದೆ. ಆದರೆ ಅದನ್ನು ಕೊಡುವ ಮೊದಲು ತೊಡರುತ್ತಿರುವುದು ಬೆರಳೋ, ರೀಡೋ (ಬಾಯಲ್ಲಿಟ್ಟು ಊದುವ ತೆಳು ಪಟ್ಟಿ), ಪ್ಯಾಡೋ (ಕೀ ಕೆಳಗಿದ್ದು ತೂತು ಮುಚ್ಚುವ ಮೆತ್ತೆ) ಅಂತ ಗೊತ್ತಾಗಬೇಕು. ಸೋರುವ ವಾದ್ಯಕ್ಕೆ ಎಂಥ ಫಿಂಗರಿಂಗ್ ಕೊಟ್ಟರೂ ಟ್ರಿಲ್ ಬರುವುದಿಲ್ಲ. ವಾದ್ಯ ಸರಿ ಇದ್ದರೆ ಒಂದು ವಿಷಯ ನೆನಪಿಟ್ಟರೆ ಸಾಕು: ಒಳ್ಳೆ ಟ್ರಿಲ್ ಅಂದರೆ ಒಂದೇ ಬೆರಳು ಆಡುವ ಟ್ರಿಲ್. ಎರಡು ಬೆರಳು ಒಂದಕ್ಕೊಂದು ಎದುರಾಗಿ ಆಡಬೇಕಾಗಿ ಬಂದರೆ ಅಲ್ಲಿ ದಾರಿ ಬದಲಿಸಬೇಕು.

ಇಲ್ಲಿ ಹೇಳುವುದೆಲ್ಲ ಬೋಹ್ಮ್ ಪದ್ಧತಿಯ ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ, ಅಂದರೆ 17 ಕೀ, ತೂತುಗಳ ಸುತ್ತ 6 ರಿಂಗ್ ಇರುವ ವಾದ್ಯಕ್ಕೆ. ಹಳೆ ಬ್ಯಾಂಡ್ ಪೆಟ್ಟಿಗೆಗಳಲ್ಲಿ ಆಲ್ಬರ್ಟ್ ಪದ್ಧತಿಯ ವಾದ್ಯ ಸಿಗಬಹುದು. ಅದರಲ್ಲಿ ಕೀ ಕಡಿಮೆ, ಬೆರಳಿನ ಲೆಕ್ಕವೇ ಬೇರೆ. ಮೊದಲು ನಿಮ್ಮದು ಯಾವುದು ನೋಡಿಕೊಳ್ಳಿ. ಇಲ್ಲದಿದ್ದರೆ ಕೆಳಗಿನದನ್ನು ಓದಿ ಸುಮ್ನೆ ಗೊಂದಲ ಮಾಡಿಕೊಳ್ಳುತ್ತೀರಿ.

ಇನ್ನೊಂದು ವಿಷಯ. ಬಲಗಡೆ ಪಕ್ಕದಲ್ಲಿ, ಬಲಗೈ ತೋರುಬೆರಳಿಗೆ ಸಿಗುವ ಹಾಗೆ, ನಾಲ್ಕು ಉದ್ದ ಕೀಗಳಿವೆಯಲ್ಲ, ಅವನ್ನು ನಾನು ಕೆಳಗಿನಿಂದ 1, 2, 3, 4 ಅಂತ ಎಣಿಸುತ್ತೇನೆ. ಸ್ವರಗಳ ಹೆಸರು ನೋಟೇಶನ್‌ನಲ್ಲಿ ಬರೆದ ಹೆಸರೇ ಹೊರತು ಹಾರ್ಮೋನಿಯಂನಲ್ಲಿ ಕೇಳುವ ಹೆಸರಲ್ಲ. ಬಿ ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ ಬರೆದ ಸಿ ನುಡಿಸಿದರೆ ಕಿವಿಗೆ ಬಿ ಫ್ಲ್ಯಾಟ್ ಬರುತ್ತದೆ, ಬರೆದ ಎ ನುಡಿಸಿದರೆ ಜಿ ಬರುತ್ತದೆ. ಫೋನಿನ ಟ್ಯೂನರ್ ನೋಡಿ "ಸ್ವರವೇ ತಪ್ಪು" ಅಂತ ಗಾಬರಿಯಾಗುವವರು ಬಹಳ. ಟ್ಯೂನರ್‌ನ ಸೆಟ್ಟಿಂಗ್‌ನಲ್ಲಿ ಬಿ ಫ್ಲ್ಯಾಟ್ ವಾದ್ಯ ಅಂತ ಆರಿಸಿಕೊಂಡರೆ ಆ ತಲೆನೋವಿಲ್ಲ.

ಮೊದಲ ಪರೀಕ್ಷೆ: ಎರಡೂ ಸ್ವರ ಬೇರೆಬೇರೆಯಾಗಿ ಬರುತ್ತವಾ?

ಟ್ರಿಲ್ ಬಿಡಿ. ಅದರಲ್ಲಿರುವ ಎರಡು ಸ್ವರಗಳನ್ನು ಒಂದೊಂದಾಗಿ, ಉದ್ದಕ್ಕೆ, ಮೆತ್ತಗೆ ಊದಿ. ಒಂದಕ್ಕೆ ಸಲೀಸಾಗಿ ಉಸಿರು ಹೋಗಿ ಇನ್ನೊಂದಕ್ಕೆ ತುಟಿ ಬಿಗಿ ಮಾಡಬೇಕಾಗುತ್ತಿದೆಯಾ? ಹಾಗಾದರೆ ಅದು ಟ್ರಿಲ್‌ನ ಸಮಸ್ಯೆಯೇ ಅಲ್ಲ. ಆ ಸ್ವರವೇ ಕುಂಟುತ್ತಿದೆ, ಟ್ರಿಲ್‌ನ ವೇಗದಲ್ಲಿ ಅದು ಬಯಲಾಗುತ್ತಿದೆ ಅಷ್ಟೆ.

ಇದಕ್ಕೆ ರೀಡ್ ಮೊದಲ ಅನುಮಾನ. ನಮ್ಮ ಕಡೆ ಹವೆ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಮಳೆಗಾಲದ ಬೆಳಗಾವಿಯಲ್ಲಿ ತೇವ ಎಷ್ಟಿರುತ್ತದೆ ಅಂದರೆ ಪೆಟ್ಟಿಗೆಯಲ್ಲಿಟ್ಟ ರೀಡ್ ಒಣಗುವುದೇ ಇಲ್ಲ, ನೀರು ಕುಡಿದು ಮಂದವಾಗುತ್ತದೆ. ಅದೇ ರೀಡ್ ತೆಗೆದುಕೊಂಡು ಬೇಸಿಗೆಯಲ್ಲಿ ವಿಜಯಪುರಕ್ಕೋ ಬಾಗಲಕೋಟೆಗೋ ಮದುವೆ ವರಾತಕ್ಕೆ ಹೋದರೆ ಎರಡು ಹಾಡಿನ ನಡುವಿನ ಬಿಡುವಿನಲ್ಲೇ ತುದಿ ಒಣಗಿ ಅಲೆಅಲೆಯಾಗಿ ನಿಲ್ಲುತ್ತದೆ. ಎರಡೂ ಕಡೆ ಟ್ರಿಲ್ ಒಡೆಯುತ್ತದೆ, ಕಾರಣ ಬೇರೆಬೇರೆ. ರೀಡ್ ಬದಲಿಸಿ ಅದೇ ಎರಡು ಸ್ವರ ಊದಿ. ಸರಿಹೋಯಿತಾ? ಇಲ್ಲಿಗೇ ಮುಗಿಯಿತು, ಹೋಗಿ ತಾಲೀಮು ಮಾಡಿ.

ಸರಿಹೋಗದಿದ್ದರೆ ಸೋರಿಕೆ ನೋಡಬೇಕು. ವಾದ್ಯ ಬಿಚ್ಚಿ. ಮೇಲಿನ ಭಾಗದ ತೂತುಗಳನ್ನು ಬೆರಳಿನಿಂದ ಮುಚ್ಚಿ, ಕೆಳತುದಿಗೆ ಅಂಗೈ ಒತ್ತಿ, ಮೇಲಿನ ತುದಿಯಿಂದ ಮೆಲ್ಲಗೆ ಗಾಳಿ ಎಳೆದುಕೊಳ್ಳಿ. ಬಾಯಿ ತೆಗೆಯುವ ಮುಂಚೆ ಒಂದೆರಡು ಕ್ಷಣ ಆ ಎಳೆತ ನಿಲ್ಲಬೇಕು. ತಕ್ಷಣ ಗಾಳಿ ಬಿಟ್ಟರೆ ಎಲ್ಲೋ ಒಂದು ಪ್ಯಾಡ್ ಕೂರುತ್ತಿಲ್ಲ. ಯಾವುದು ಅಂತ ಹಿಡಿಯಲು ಸಿಗರೇಟ್ ಕಾಗದದ ಸಣ್ಣ ಪಟ್ಟಿ ಕತ್ತರಿಸಿ ಪ್ಯಾಡ್ ಕೆಳಗೆ ಇಟ್ಟು, ಕೀ ಮುಚ್ಚಿದ ಸ್ಥಿತಿಯಲ್ಲಿ ಎಳೆಯಿರಿ. ಎಲ್ಲ ಬದಿಯಲ್ಲೂ ಒಂದೇ ಹಿಡಿತ ಸಿಗಬೇಕು. ಒಂದು ಬದಿಯಲ್ಲಿ ಕಾಗದ ಜಾರಿಬಂದರೆ ಸೋರುತ್ತಿರುವುದು ಅಲ್ಲೇ.

ಅಪರೂಪಕ್ಕೆ ಯಾರೂ ಅನುಮಾನಿಸದ ಒಂದು ಜಾಗವೂ ಇದೆ. ಮೇಲ್ಭಾಗದಲ್ಲಿ ಎ ಕೀ ಮತ್ತು ಜಿ ಶಾರ್ಪ್ ಕೀ ನಡುವೆ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಯಾರಾದರೂ ಅದನ್ನು "ಸಡಿಲ ಇದೆ" ಅಂತ ಪೂರ್ತಿ ಬಿಗಿ ಮಾಡಿದರೆ ಜಿ ಶಾರ್ಪ್ ಪ್ಯಾಡ್ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ಆಗ ಅದರ ಕೆಳಗಿನ ಸ್ವರಗಳೆಲ್ಲ ನರಳುತ್ತವೆ. ಎ ಕೀ ಮೇಲೆ ಬೆರಳು ಇಟ್ಟಾಗ ಅತಿ ಸಣ್ಣ ಆಟ ತಗಲಬೇಕು. ಅದಿಲ್ಲದಿದ್ದರೆ ಸ್ಕ್ರೂ ಸ್ವಲ್ಪವೇ ಸಡಿಲಿಸಿ, ಮತ್ತೆ ಎಳೆತದ ಪರೀಕ್ಷೆ ಮಾಡಿ.

ಗುಳುಗುಳು ಸದ್ದು ಬರುತ್ತಿದ್ದರೆ ತೂತಿನಲ್ಲಿ ನೀರು ನಿಂತಿದೆ. ಕೀ ತೆರೆದು ಊದಿ, ಅದೇ ಸಿಗರೇಟ್ ಕಾಗದದಿಂದ ಒತ್ತಿ ಹೀರಿಸಿ. ಪ್ಯಾಡ್ ಏಳುವಾಗ ಚಟ್ ಅಂತ ಅಂಟಿಕೊಂಡು ಬಿಡುತ್ತಿದ್ದರೆ ಅದು ಸಿಹಿ ತಿಂದ ಬಾಯಿಯ ಕೆಲಸ. ಮದುವೆ ಮನೆಯಲ್ಲಿ ಕುಂದಾ ತಿಂದು ಬಾಯಿ ಮುಕ್ಕಳಿಸದೆ ಊದಲು ನಿಂತರೆ ಆ ಸಕ್ಕರೆಯೆಲ್ಲ ಉಸಿರಿನ ಜೊತೆ ಪ್ಯಾಡ್‌ಗೆ ಹೋಗಿ ಕೂರುತ್ತದೆ. ಟ್ರಿಲ್ ಕೀಗಳಿಗೆ ಇದು ಬಹಳ ಕೆಟ್ಟದ್ದು, ಯಾಕೆಂದರೆ ಅವುಗಳ ಕೆಲಸವೇ ಬೇಗಬೇಗ ತೆರೆದು ಮುಚ್ಚುವುದು. ಬಾಯಿ ತೊಳೆದು ಊದಿ. ಅಷ್ಟು ಮಾಡಿದರೆ ಅರ್ಧ ರಿಪೇರಿ ಖರ್ಚು ಉಳಿಯುತ್ತದೆ.

ಎರಡನೇ ಪರೀಕ್ಷೆ: ನಡುವೆ ಯಾವ ಕಳ್ಳ ಸ್ವರ ಕೇಳುತ್ತಿದೆ?

ಎರಡೂ ಸ್ವರ ಚೆನ್ನಾಗಿ ಬರುತ್ತವೆ, ಆದರೂ ಟ್ರಿಲ್ ಕೊಳಕಾಗಿದೆ ಅಂದರೆ ಈಗ ಬೆರಳಿನ ಕಡೆ ಬರೋಣ. ಫೋನಿನಲ್ಲಿ ಟ್ರಿಲ್ ರೆಕಾರ್ಡ್ ಮಾಡಿ, ಅರ್ಧ ವೇಗದಲ್ಲಿ ಕೇಳಿ. ಎರಡು ಸ್ವರದ ನಡುವೆ ಮೂರನೆಯದೊಂದು ನುಸುಳುತ್ತಿರುತ್ತದೆ. ಅದರ ಹೆಸರು ಹಿಡಿದರೆ ಯಾವ ಬೆರಳು ತಡವಾಗುತ್ತಿದೆ ಅಂತ ಅದೇ ಹೇಳಿಬಿಡುತ್ತದೆ.

ಉದಾಹರಣೆಗೆ ಮೇಲಿನ ಸ್ಥಾಯಿಯ ಎಫ್ ಮತ್ತು ಎಫ್ ಶಾರ್ಪ್ ಟ್ರಿಲ್. ಎಫ್‌ಗೆ ರಿಜಿಸ್ಟರ್ ಕೀ (ಹಿಂದುಗಡೆ ಎಡಗೈ ಹೆಬ್ಬೆರಳಿಗೆ ಸಿಗುವ, ಸ್ವರವನ್ನು ಮೇಲಿನ ಸ್ಥಾಯಿಗೆ ಎತ್ತುವ ಕೀ), ಎಡಗೈ ಹೆಬ್ಬೆರಳು, ಮೂರು ಬೆರಳು, ಜೊತೆಗೆ ಬಲಗೈ ತೋರುಬೆರಳು. ಎಲ್ಲರೂ ಮೊದಲು ಕಲಿಯುವ ಎಫ್ ಶಾರ್ಪ್‌ಗೆ ಬಲಗೈ ತೋರುಬೆರಳು ಎತ್ತಿ ನಡುಬೆರಳು ಇಡಬೇಕು. ಒಂದು ಏಳುವಾಗ ಇನ್ನೊಂದು ಇಳಿಯಬೇಕು. ನಡುವೆ ಜಿ ಕೇಳಿದರೆ ಎರಡೂ ಬೆರಳು ಒಟ್ಟಿಗೆ ಮೇಲಿದ್ದವು ಅಂತ ಅರ್ಥ. ಇ ಕೇಳಿದರೆ ಎರಡೂ ಒಟ್ಟಿಗೆ ಕೆಳಗಿದ್ದವು. ನಿಧಾನದಲ್ಲಿ ಇದನ್ನು ಸರಿಮಾಡಬಹುದು, ಟ್ರಿಲ್ ವೇಗದಲ್ಲಿ ಆಗುವುದಿಲ್ಲ. ಎಷ್ಟು ತಾಲೀಮು ಮಾಡಿದರೂ ಅದು ಕೊಳಕಾಗಿಯೇ ಉಳಿಯುತ್ತದೆ. ಹಾಗಾಗಿ ಎಫ್‌ನ ಬೆರಳು ಹಾಗೇ ಇಟ್ಟುಕೊಳ್ಳಿ. ಬಲಗೈ ನಡುಬೆರಳು ಮತ್ತು ಉಂಗುರ ಬೆರಳಿನ ತೂತುಗಳ ನಡುವೆ ಸಣ್ಣ ಪಟ್ಟಿಯಂಥ ಕೀ ಇದೆ, ಅದನ್ನು ಉಂಗುರ ಬೆರಳಿನಿಂದ ಆಡಿಸಿ. ಒಂದೇ ಬೆರಳು, ಕಳ್ಳ ಸ್ವರಕ್ಕೆ ಜಾಗವೇ ಇಲ್ಲ.

ಇಲ್ಲೇ ಒಂದು ಸಂತೋಷದ ವಿಷಯ ಹೇಳಬೇಕು. ಕೊಳಲು ಮೇಲಿನ ಸ್ಥಾಯಿಗೆ ಹೋದರೆ ಅದೇ ಸ್ವರ ಎಂಟನೆಯದಾಗಿ ಬರುತ್ತದೆ. ಕ್ಲಾರಿನೆಟ್ ಹಾಗಲ್ಲ, ಅದು ಹನ್ನೆರಡನೆಯ ಸ್ವರಕ್ಕೆ ಜಿಗಿಯುತ್ತದೆ. ಕೆಳಗಿನ ಬಿ ಫ್ಲ್ಯಾಟ್ ಬೆರಳಿಗೆ ರಿಜಿಸ್ಟರ್ ಕೀ ಸೇರಿಸಿದರೆ ಮೇಲಿನ ಎಫ್. ಅಂದರೆ ಕೆಳಗೆ ಕಲಿತ ಒಂದು ಉಪಾಯ ಮೇಲೆ ಇನ್ನೊಂದು ಟ್ರಿಲ್‌ಗೂ ಕೆಲಸಕ್ಕೆ ಬರುತ್ತದೆ. ಈಗ ಹೇಳಿದ ಪಟ್ಟಿ ಕೀ ಕೆಳಗೆ ಬಿ ಫ್ಲ್ಯಾಟ್‌ನಿಂದ ಬಿ ಟ್ರಿಲ್ ಕೊಡುತ್ತದೆ, ಮೇಲೆ ಎಫ್‌ನಿಂದ ಎಫ್ ಶಾರ್ಪ್. ಅರ್ಧ ಕಲಿತರೆ ಪೂರ್ತಿ ಸಿಕ್ಕ ಹಾಗೆ! ಶ್ರುತಿ ಮಾತ್ರ ಎರಡೂ ಕಡೆ ಬೇರೆಯಾಗಿ ನೋಡಿಕೊಳ್ಳಿ.

ಪಕ್ಕದ ಕೀಗಳು ಇರುವುದೇ ಇದಕ್ಕೆ

ಡಿ, ಅಂದರೆ ಎಡಗೈ ಹೆಬ್ಬೆರಳು ಮತ್ತು ಮೊದಲ ಎರಡು ಬೆರಳು. ಅಲ್ಲಿಂದ ಇ ಫ್ಲ್ಯಾಟ್‌ಗೆ ಟ್ರಿಲ್ ಬೇಕಾದರೆ ಪಕ್ಕದ 1ನೇ ಕೀ ಆಡಿಸಿ. ರಿಜಿಸ್ಟರ್ ಕೀ ಒತ್ತಿಕೊಂಡು ಅದನ್ನೇ ಮಾಡಿದರೆ ಎ ಮತ್ತು ಬಿ ಫ್ಲ್ಯಾಟ್. ಇ ಫ್ಲ್ಯಾಟ್‌ಗೆ ಎರಡೂ ಕೈಯ ತೋರುಬೆರಳು ಇಡುವ ಇನ್ನೊಂದು ಬೆರಳೂ ಇದೆ, ಹಾಡಿನ ಓಟದಲ್ಲಿ ಅದು ಚೆನ್ನ, ಆದರೆ ಡಿಯಿಂದ ಟ್ರಿಲ್ ಮಾಡಲು ಅದು ಬೇಡ, ಮತ್ತೆ ಎದುರುಬದುರು ಬೆರಳಿನ ಕಥೆಯೇ ಆಗುತ್ತದೆ. ಜೊತೆಗೆ ಅದು ಎರಡು ಭಾಗ ಕೂಡುವ ಕಡೆ ಇರುವ ಸೇತುವೆ ಕೀ ಮೇಲೆ ನಿಂತಿದೆ. ಆ ಬೆರಳಿನಲ್ಲಿ ಇ ಫ್ಲ್ಯಾಟ್ ಮಂಕಾಗಿದ್ದು, ಪಕ್ಕದ ಕೀಯಲ್ಲಿ ಸ್ಪಷ್ಟವಾಗಿದ್ದರೆ ಎರಡು ಭಾಗ ಸ್ವಲ್ಪ ತಿರುಚಿ ಕೂತಿವೆ. ನೇರ ಮಾಡಿ.

ಎಫ್, ಅಂದರೆ ಎಡಗೈ ಹೆಬ್ಬೆರಳು ಒಂದೇ. ಎಫ್ ಶಾರ್ಪ್‌ಗೆ ಸಾಮಾನ್ಯ ಬೆರಳು ಹೆಬ್ಬೆರಳು ಎತ್ತಿ ತೋರುಬೆರಳು ಇಡುವುದು. ಟ್ರಿಲ್‌ಗೆ ಇದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ. ಹೆಬ್ಬೆರಳು ಇಟ್ಟುಕೊಂಡೇ ಪಕ್ಕದ 1 ಮತ್ತು 2 ಎರಡನ್ನೂ ಒಟ್ಟಿಗೆ ಬಲಗೈ ತೋರುಬೆರಳಿನಿಂದ ಆಡಿಸಿ. ರಿಜಿಸ್ಟರ್ ಸೇರಿಸಿದರೆ ಮೇಲಿನ ಸಿ ಮತ್ತು ಸಿ ಶಾರ್ಪ್ ಟ್ರಿಲ್ ಇದೇ. ಇಯಿಂದ ಎಫ್ ಶಾರ್ಪ್ ಆದರೆ ಕೀ ಬೇಕಾಗಿಲ್ಲ, ಎಡಗೈ ತೋರುಬೆರಳು ಇಟ್ಟು ಹೆಬ್ಬೆರಳು ಆಡಿಸಿದರೆ ಆಯಿತು. ಹೆಬ್ಬೆರಳನ್ನು ದೂರ ಎತ್ತಬೇಡಿ, ಕಾಗದದಷ್ಟು ಸರಿದರೆ ಸಾಕು.

ಇನ್ನು ನಿಜವಾಗಿ ಜನರನ್ನು ಕಾಡುವ ಟ್ರಿಲ್: ಥ್ರೋಟ್ ಸ್ವರಗಳಲ್ಲಿರುವ, ಅಂದರೆ ಕೆಳಗಿನ ಸ್ಥಾಯಿಯ ತುದಿಯಲ್ಲಿ ತೂತುಗಳು ಬಹುತೇಕ ತೆರೆದಿರುವಾಗ ಬರುವ ಸ್ವರಗಳಲ್ಲಿರುವ, ಎ. ಇದರಲ್ಲಿ ಮೊದಲ ದೋಷ ಬೆರಳಿನದಲ್ಲ, ಓದಿನದು. ಎ ಮೇಲೆ ಟ್ರಿಲ್ ಅಂತ ಬರೆದಿದ್ದರೆ ಮೇಲಿನ ಸ್ವರ ಬಿ ಫ್ಲ್ಯಾಟೋ ಬಿಯೋ? ಅದು ಸ್ಕೇಲ್ ಮೇಲೆ ಹೋಗುತ್ತದೆ. ಎಫ್ ಮೇಜರ್‌ನಲ್ಲಿ ಬಿ ಫ್ಲ್ಯಾಟ್, ಜಿ ಮೇಜರ್‌ನಲ್ಲಿ ಬಿ. ಟ್ರಿಲ್ ಚಿಹ್ನೆಯ ಜೊತೆ ಫ್ಲ್ಯಾಟ್, ಶಾರ್ಪ್ ಬರೆದಿದ್ದರೆ ಅದೇ ಅಂತಿಮ. ಇಷ್ಟು ನೋಡದೆ ಬೆರಳು ಹುಡುಕಿ, ಆಮೇಲೆ ಟ್ರಂಪೆಟ್‌ನವರ ಜೊತೆ ಕೂತಾಗ ಕರ್ಕಶ ಕೇಳುತ್ತಿದೆ ಅನ್ನುವವರು ಇದ್ದಾರೆ.

ಎ ಮತ್ತು ಬಿ ಫ್ಲ್ಯಾಟ್ ಸುಲಭ. ಎ ಕೀ ಒತ್ತಿ ಹಿಡಿದು ಪಕ್ಕದ 3ನೇ ಕೀ ಆಡಿಸಿ. ಇದರ ಬಿ ಫ್ಲ್ಯಾಟ್ ನಾದ ರಿಜಿಸ್ಟರ್ ಕೀಯಿಂದ ಬರುವ ಬಿ ಫ್ಲ್ಯಾಟ್‌ಗಿಂತ ತಿಳಿಯಾಗಿರುತ್ತದೆ. ಎಷ್ಟೋ ಜನ ಉದ್ದ ಸ್ವರಕ್ಕೂ ಇದನ್ನೇ ಬಳಸುತ್ತಾರೆ, ನಾನೂ ಅದನ್ನೇ ಹೇಳಿಕೊಡುತ್ತೇನೆ.

ಎ ಮತ್ತು ಬಿ ಕಷ್ಟ. ಎ ಊದುವಾಗ ಕೊಳವೆ ಬಹುತೇಕ ಪೂರ್ತಿ ತೆರೆದಿದೆ. ಮಾಮೂಲಿ ಬೆರಳಿನ ಬಿ ಊದುವಾಗ ಬಹುತೇಕ ಪೂರ್ತಿ ಮುಚ್ಚಿದೆ. ಒಂದು ಸ್ವರ ಮೇಲೆ ಹೋಗಲು ಹೆಬ್ಬೆರಳು, ಎರಡೂ ಕೈಯ ಎಲ್ಲ ಬೆರಳು, ಮೇಲೊಂದು ಕಿರುಬೆರಳು ಒಟ್ಟಿಗೆ ಇಳಿಯಬೇಕು. ಇದನ್ನು ಟ್ರಿಲ್ ಮಾಡಿ ಅಂದರೆ ಯಾರಿಗೂ ಆಗುವುದಿಲ್ಲ. ಇಲ್ಲಿ ಕೇಳುವ ಕಳ್ಳ ಸ್ವರ ಹೆಚ್ಚಾಗಿ ಜಿ, ಅಂದರೆ ಎ ಕೀ ಬಿಟ್ಟಾಗಿದೆ, ಉಳಿದ ಬೆರಳು ಇನ್ನೂ ಬಂದಿಲ್ಲ. ಆದ್ದರಿಂದ ಎ ಹಿಡಿದುಕೊಂಡೇ ಮೇಲಿನ ಕೀಗಳಲ್ಲಿ ಬಿ ಹುಡುಕಬೇಕು. 4ನೇ ಕೀ ಒಂದನ್ನೇ ಒತ್ತಿ ಟ್ಯೂನರ್ ನೋಡಿ. ಆಮೇಲೆ 3 ಮತ್ತು 4 ಎರಡನ್ನೂ ಒತ್ತಿ ನೋಡಿ. ಯಾವುದು ನಿಮ್ಮ ವಾದ್ಯದಲ್ಲಿ, ನಿಮ್ಮ ಮೌತ್‌ಪೀಸ್‌ನಲ್ಲಿ ಬಿಗೆ ಹತ್ತಿರ ಬರುತ್ತದೋ ಅದು ನಿಮ್ಮ ಟ್ರಿಲ್. ಪಕ್ಕದವರದ್ದು ನೋಡಿ ನಕಲು ಮಾಡಬೇಡಿ, ಅವರ ಬ್ಯಾರಲ್ (ಮೌತ್‌ಪೀಸ್ ಕೆಳಗಿನ ಸಣ್ಣ ತುಂಡು) ಉದ್ದವೇ ಬೇರೆ ಇರಬಹುದು.

ಈ ಬಿ ಉದ್ದಕ್ಕೆ ಹಿಡಿಯುವ ಸ್ವರವಲ್ಲ, ಅದರ ನಾದ ತೆಳು. ಟ್ರಿಲ್‌ನಲ್ಲಿ ಮಿಂಚಿ ಹೋಗುವುದರಿಂದ ಕಿವಿ ಕ್ಷಮಿಸುತ್ತದೆ. ನಿಧಾನದ ಹಾಡಿನಲ್ಲಿ ಟ್ರಿಲ್ ಕೂಡ ನಿಧಾನವಾಗಿ ಶುರುವಾದರೆ ಕಿವಿ ಅಷ್ಟು ಉದಾರಿಯಲ್ಲ, ಅಲ್ಲಿ ಶ್ರುತಿ ಸರಿಯಿರುವ ಬೆರಳೇ ಬೇಕು. ವೇಗದ ಟ್ರಿಲ್‌ಗೆ ಸಲೀಸು ಮುಖ್ಯ, ನಿಧಾನದ ಟ್ರಿಲ್‌ಗೆ ಶ್ರುತಿ ಮುಖ್ಯ. ಎರಡು ಬೆರಳು ಕೈಯಲ್ಲಿದ್ದರೆ ಹೀಗೆ ಆರಿಸಿಕೊಳ್ಳಿ.

ಥ್ರೋಟ್ ಸ್ವರಗಳಲ್ಲಿ ಟ್ರಿಲ್ ಬುಸುಬುಸು ಅನ್ನುತ್ತಿದ್ದರೆ ಇನ್ನೊಂದು ದಾರಿ ಇದೆ. ಆ ಸಮಯದಲ್ಲಿ ಖಾಲಿ ಇರುವ ಬೆರಳುಗಳನ್ನು ಕೆಳಗಿಡಿ. ಎಡಗೈ ನಡುಬೆರಳು, ಉಂಗುರ ಬೆರಳು, ಬಲಗೈಯಲ್ಲೂ ಅವೇ ಎರಡು. ನಾದ ತುಂಬಿಕೊಳ್ಳುತ್ತದೆ, ಶ್ರುತಿಯೂ ಸ್ವಲ್ಪ ಇಳಿಯಬಹುದು. ಯಾವ ಬೆರಳಿಟ್ಟರೆ ಚೆನ್ನ ಅನ್ನುವುದು ವಾದ್ಯದಿಂದ ವಾದ್ಯಕ್ಕೆ ಬದಲು. ಒಂದೊಂದಾಗಿ ಇಟ್ಟು ಕೇಳಿ.

ಬಲಗೈ ತೋರುಬೆರಳಿನ ಬಗ್ಗೆಯೂ ಒಂದು ಮಾತು. ಪಕ್ಕದ ಕೀ ಆಡಿಸುವಾಗ ಅದರ ತುದಿ ಬಳಸಬೇಡಿ. ಬೆರಳಿನ ಬದಿ, ಗಂಟಿನ ಹತ್ತಿರದ ಭಾಗ, ಕೀಗೆ ತಾಗಲಿ. ತುದಿಯಿಂದ ಹಿಡಿಯಲು ಹೋದರೆ ಇಡೀ ಕೈ ಮೇಲೆ ಹೋಗುತ್ತದೆ, ಟ್ರಿಲ್ ಮುಗಿದು ಮುಂದಿನ ಸ್ವರಕ್ಕೆ ಬರುವಾಗ ತೂತು ಸಿಗುವುದಿಲ್ಲ. ಟ್ರಿಲ್ ಚೆನ್ನಾಗಿದ್ದು ಅದರ ಮುಂದಿನ ಸ್ವರ ಕೀಚ್ ಅನ್ನುತ್ತಿದ್ದರೆ ಕಾರಣ ಇದೇ.

ಕಿರುಬೆರಳಿನ ಟ್ರಿಲ್‌ಗಳು

ಮಾಮೂಲಿ ಬಿ, ಸಿ, ಸಿ ಶಾರ್ಪ್, ಈ ಮೂರಕ್ಕೂ ಎಡಗಡೆ ಒಂದು ಕೀ, ಬಲಗಡೆ ಒಂದು ಕೀ. ಯಾಕೆ ಎರಡೆರಡು ಇಟ್ಟಿದ್ದಾರೆ ಅಂತ ತುಂಬ ಹುಡುಗರು ಕೇಳುತ್ತಾರೆ. ಉತ್ತರ ಟ್ರಿಲ್‌ನಲ್ಲೇ ಇದೆ: ಒಂದು ಕಿರುಬೆರಳು ಹಿಡಿದಿರಲಿ, ಇನ್ನೊಂದು ಆಡಲಿ. ಬಿ ಮತ್ತು ಸಿ ಟ್ರಿಲ್‌ಗೆ ಬಲಗಡೆ ಸಿ ಹಿಡಿದು ಎಡಗಡೆ ಬಿ ಆಡಿಸಿ. ಬಿ ಮತ್ತು ಸಿ ಶಾರ್ಪ್‌ಗೆ ಬಲಗಡೆ ಬಿ ಹಿಡಿದು ಎಡಗಡೆ ಸಿ ಶಾರ್ಪ್. ಸಿ ಮತ್ತು ಸಿ ಶಾರ್ಪ್‌ಗೆ ಎಡಗಡೆ ಸಿ, ಬಲಗಡೆ ಸಿ ಶಾರ್ಪ್. ಹನ್ನೆರಡನೆಯ ಸ್ವರದ ನಿಯಮ ಇಲ್ಲೂ ನಡೆಯುತ್ತದೆ, ರಿಜಿಸ್ಟರ್ ಬಿಟ್ಟರೆ ಇವೇ ಕೆಳಗಿನ ಇ, ಎಫ್, ಎಫ್ ಶಾರ್ಪ್.

ಒಂದೇ ಕಿರುಬೆರಳನ್ನು ಒಂದು ಕೀಯಿಂದ ಇನ್ನೊಂದಕ್ಕೆ ಜಾರಿಸಿ ಟ್ರಿಲ್ ಮಾಡುವವರನ್ನು ನೋಡಿದ್ದೇನೆ. ಅದು ಬೇಡವೇ ಬೇಡ.

ಈ ಗುಂಪಿನಲ್ಲಿ ಬೆರಳು ಸರಿಯಿದ್ದೂ ಬಿ ಒಡೆದರೆ ವಾದ್ಯದ ಕೆಳಭಾಗದಲ್ಲಿರುವ ಕವಲು ತುಂಡು ನೋಡಿ. ಬಿ ಕೀ ಒತ್ತಿದಾಗ ಕೆಳಗಿನ ಎರಡು ದೊಡ್ಡ ಪ್ಯಾಡ್‌ಗಳು ಒಂದೇ ಕ್ಷಣದಲ್ಲಿ ಕೂರಬೇಕು. ಅವೆರಡನ್ನೂ ಕೂಡಿಸುವುದು ಈ ಕವಲು. ವಾದ್ಯ ಜೋಡಿಸುವಾಗ ಆ ಕೀಗಳನ್ನೇ ಹಿಡಿದು ತಿರುವಿದರೆ ಅದು ಬಾಗುತ್ತದೆ. ಕಾಗದದ ಪಟ್ಟಿಯನ್ನು ಎರಡೂ ಪ್ಯಾಡ್ ಕೆಳಗೆ ಇಟ್ಟು ಬಿ ಕೀ ಒತ್ತಿ ಎಳೆಯಿರಿ. ಒಂದು ಬಿಗಿ, ಒಂದು ಸಡಿಲ ಇದ್ದರೆ ನೀವೇ ಬಾಗಿಸಲು ಹೋಗಬೇಡಿ, ತಿಳಿದವರ ಕೈಗೆ ಕೊಡಿ. ಅಲ್ಲಿಯವರೆಗೆ ಕೆಳಗಿನ ಸ್ವರಗಳ ಟ್ರಿಲ್ ತಾಲೀಮು ಮಾಡಿ ಪ್ರಯೋಜನವಿಲ್ಲ.

ಪುಸ್ತಕದಲ್ಲಿ ಇಲ್ಲದ ಟ್ರಿಲ್‌ಗೆ ಬೆರಳು ಹುಡುಕುವುದು

ಮೇಲಿನ ಯಾವುದಕ್ಕೂ ಸೇರದ ಟ್ರಿಲ್ ಬಂದರೆ ಹೀಗೆ ಮಾಡಿ. ಕೆಳಗಿನ ಸ್ವರದ ಮಾಮೂಲಿ ಬೆರಳು ಹಿಡಿಯಿರಿ, ಅದನ್ನು ಬದಲಿಸಬೇಡಿ. ಈಗ ಖಾಲಿ ಇರುವ ಪ್ರತಿಯೊಂದು ಕೀಯನ್ನೂ ಒಂದೊಂದಾಗಿ ತೆರೆದು, ಪ್ರತಿಯೊಂದು ಬೆರಳನ್ನೂ ಒಂದೊಂದಾಗಿ ಎತ್ತಿ, ಏನು ಬರುತ್ತದೆ ಕೇಳಿ. ಬೇಕಾದ ಸ್ವರದ ಆಸುಪಾಸು ಬಂದದ್ದನ್ನೆಲ್ಲ ಬರೆದಿಡಿ. ಆಮೇಲೆ ಮೂರು ವಿಷಯ ನೋಡಿ: ಟ್ಯೂನರ್ ಮುಳ್ಳು ಎಲ್ಲಿ ನಿಲ್ಲುತ್ತದೆ, ಮೆತ್ತಗೆ ಊದಿದರೂ ಸ್ವರ ಏಳುತ್ತದಾ, ಟ್ರಿಲ್‌ನ ಹಿಂದಿನ ಮತ್ತು ಮುಂದಿನ ಸ್ವರದಿಂದ ಕೈ ಅಲ್ಲಿಗೆ ಹೋಗಿಬರಲು ಆಗುತ್ತದಾ. ಮೂರನೆಯದನ್ನು ಮರೆಯುವವರೇ ಜಾಸ್ತಿ. ಸುಂದರವಾದ ಬೆರಳು ಹುಡುಕಿ, ಹಾಡಿನ ಓಟದಲ್ಲಿ ಅಲ್ಲಿಗೆ ತಲುಪಲಾಗದೆ ಒದ್ದಾಡುತ್ತಾರೆ. ಸಿಕ್ಕಿದ್ದನ್ನು ನೋಟೇಶನ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, "3" ಅಂತಲೋ "1+2" ಅಂತಲೋ ಚಿಕ್ಕದಾಗಿ.

ನಮ್ಮ ಕಡೆ ಹಿಂದೂಸ್ತಾನಿ ಕಿವಿಯಲ್ಲಿ ಬೆಳೆದವರು ಹೆಚ್ಚು. ರಾಯಚೂರಿನ ಕಡೆಯ ಪಂಡಿತ್ ನರಸಿಂಹಲು ವಡವಾಟಿ ಅವರಂಥವರು ಕ್ಲಾರಿನೆಟ್‌ನಲ್ಲಿ ರಾಗ ಕೇಳಿಸಿದ್ದಾರೆ. ಹಾಗಾಗಿ ಟ್ರಿಲ್ ಬೆರಳನ್ನು ಮುರ್ಕಿಗೂ ಬಳಸಬಹುದಾ ಅಂತ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಮುರ್ಕಿಯಲ್ಲಿ ಹಲವು ಸ್ವರ ಸುತ್ತಿಬರುತ್ತವೆ, ಪ್ರತಿಯೊಂದಕ್ಕೂ ತೂಕ ಬೇಕು. ಟ್ರಿಲ್ ಬೆರಳಿನ ತೆಳು ಸ್ವರ ಅಲ್ಲಿ ಎದ್ದು ಕಾಣುತ್ತದೆ. ಅಲ್ಲಿ ಮಾಮೂಲಿ ಬೆರಳು, ನಿಧಾನದ ತಾಲೀಮು, ಬೇರೆ ದಾರಿಯಿಲ್ಲ.

ಕೊನೆಗೆ ಬಾಲದ ದೋಷ. ಟ್ರಿಲ್ ಚೆನ್ನಾಗಿದೆ, ಮುಗಿಯುವಾಗ ಮುಗ್ಗರಿಸುತ್ತದೆ ಅಂದರೆ ಅದರ ತುದಿಗೆ ಬರೆದಿರುವ ಎರಡು ಪುಟ್ಟ ಸ್ವರಗಳನ್ನು ನೋಡಿ. ಎ ಮತ್ತು ಬಿ ಫ್ಲ್ಯಾಟ್ ಟ್ರಿಲ್ ಆದರೆ ಅವು ಸಾಮಾನ್ಯವಾಗಿ ಜಿ ಮತ್ತು ಎ, ಅಲ್ಲಿಂದ ಮುಂದಿನ ಸ್ವರಕ್ಕೆ ಹೋಗಬೇಕು. ಪಕ್ಕದ ಕೀಯಿಂದ ಬಲಗೈ ಬಿಡಿಸಿಕೊಳ್ಳಬೇಕಾದ್ದು ಈ ಪುಟ್ಟ ಸ್ವರಗಳು ಶುರುವಾಗುವ ಮೊದಲು, ಮುಗಿದ ಮೇಲಲ್ಲ. ಟ್ರಿಲ್‌ನ ಕೊನೆಯ ಹೊಡೆತವನ್ನು ಕೆಳಗಿನ ಸ್ವರದ ಮೇಲೆ ನಿಲ್ಲಿಸಿ, ಆ ಒಂದು ಎ ಊದುತ್ತಿರುವಾಗಲೇ ಬಲಗೈ ತೂತುಗಳ ಮೇಲೆ ಬಂದು ಕೂರಲಿ. ಈ ಬಾಲವನ್ನು ಮಾತ್ರ ಬೇರೆ ತೆಗೆದು, ಟ್ರಿಲ್‌ನ ಎರಡೇ ಹೊಡೆತ ಮತ್ತು ಮುಂದಿನ ಸ್ವರ ಸೇರಿಸಿ, ಕೈ ತಾನಾಗಿ ಹೋಗುವವರೆಗೆ ನಿಧಾನವಾಗಿ ನುಡಿಸಿ. ಆಮೇಲೆ ಟ್ರಿಲ್ ಪೂರ್ತಿ ಸೇರಿಸಿ.